ಜಾತ್ರೆಯ ಊಟ, ನಮ್ಮ ಶುಕ್ರವಾರಗಳು

ತಪಸ್ಸುಕಾಲದ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ 40 ದಿನದ ಲೆಂಟ್‌ನ, ನಮ್ಮ ಶುಕ್ರವಾರದ ಕೂಟದಲ್ಲಿ ಬೈಬಲಿನ ಯಾವ ವಾಕ್ಯ ಓದಿದರೂ ಮಾತು ಕೊನೆಗೆ ಊಟಕ್ಕೆ ಬಂದು ನಿಲ್ಲುತ್ತದೆ. ಬಹಳ ದಿನದಿಂದ ಇದು ನನ್ನ ತಲೆ ಕೊರೆಯುತ್ತಿದೆ. ಲೆಂಟ್ ಶುರುವಾಗುವ ಬೂದಿ ಬುಧವಾರ ಮುಗಿದು ಮೊದಲ ಶುಕ್ರವಾರ ಸೇರಿದಾಗ ಎಲ್ಲರೂ ಗಂಭೀರವಾಗಿಯೇ ಕೂತಿರುತ್ತಾರೆ. ಯೇಸು ಅಡವಿಯಲ್ಲಿ 40 ದಿನ ಉಪವಾಸ ಇದ್ದ ಭಾಗ ಓದುತ್ತೇವೆ. ಈ ಕಲ್ಲನ್ನೇ ರೊಟ್ಟಿ ಮಾಡಿಕೋ ಅಂತ ಸೈತಾನ ಹೇಳುವ ಕಡೆ ಬಂದಿದ್ದೇ ತಡ, ಯಾರಾದರೂ ಒಬ್ಬರು ‘ಈ ಸಲ ನಾನು ಟೀ ಬಿಟ್ಟಿದ್ದೀನಿ’ ಅನ್ನುತ್ತಾರೆ. ‘ಟೀ ಬಿಟ್ಟು ಕಾಫಿ ಕುಡೀತೀರೋ?’ ಅಂತ ಇನ್ನೊಬ್ಬರು. ಅಲ್ಲಿಂದ ಮೊಟ್ಟೆ ಮಾಂಸವೋ ಅಲ್ಲವೋ, ಕೇಕಿನೊಳಗಿನ ಮೊಟ್ಟೆಗೆ ಏನು ಲೆಕ್ಕ, ಮೀನು ಮಾತ್ರ ಯಾಕೆ ನಡೆಯುತ್ತದೆ, ಹೀಗೆ ಅರ್ಧ ಗಂಟೆ ಹೋಗುತ್ತದೆ. ಪಾಪ, ಪಶ್ಚಾತ್ತಾಪ, ಕ್ಷಮೆ ಎಲ್ಲ ಚಾಪೆಯ ಒಂದು ಮೂಲೆಯಲ್ಲಿ ತಮ್ಮ ಸರದಿಗೆ ಕಾದು ಕೂತಿರುತ್ತವೆ.

ಮೊದಲೆಲ್ಲ ನನಗೆ ಇದರಿಂದ ಸಿಟ್ಟು ಬರುತ್ತಿತ್ತು. ಈಗ ಬರುವುದಿಲ್ಲ. ಊಟದ ಮಾತು ದಾರಿ ತಪ್ಪಿದ ಮಾತು ಅಂತ ಈಗ ಅನ್ನಿಸುವುದೂ ಇಲ್ಲ. ಯಾರ ಮನೆಯಲ್ಲಿ ಉಣ್ಣುತ್ತೀರಿ, ಯಾರ ಮನೆಯಲ್ಲಿ ಬರೀ ನೀರು ಕುಡಿದು ಎದ್ದು ಬರುತ್ತೀರಿ ಅನ್ನುವುದರ ಮೇಲೆ ನಮ್ಮ ಕಡೆ ಅರ್ಧ ಬದುಕು ನಡೆಯುತ್ತದೆ. ಸತ್ಯವೇದದಲ್ಲೂ ಅಷ್ಟೇ. ಆ ದೃಷ್ಟಿಯಿಂದ ನೋಡಿದರೆ ನಮ್ಮ ಕೂಟ ವಿಷಯ ಬಿಟ್ಟು ಎಲ್ಲಿಗೂ ಹೋಗಿಲ್ಲ.

ಕೂಟ ಅಂದರೆ ದೊಡ್ಡದೇನೂ ಅಲ್ಲ. ದಾವಣಗೆರೆಯ ವಿನೋಬನಗರದಲ್ಲಿರುವ ನಮ್ಮ ಮನೆಯ ಹಾಲ್‌ನಲ್ಲಿ ಚಾಪೆ ಹಾಸುತ್ತೇವೆ. ಇರುವ ಪ್ಲಾಸ್ಟಿಕ್ ಕುರ್ಚಿಗಳು ಮಂಡಿನೋವಿನವರಿಗೆ. ಇದಕ್ಕೆ ಹೆಸರಿಲ್ಲ, ಬ್ಯಾನರ್ ಇಲ್ಲ, ಕಮಿಟಿ ಇಲ್ಲ. ನಾನು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ ಅನ್ನುವ ಪ್ರೊಟೆಸ್ಟೆಂಟ್ ಸಭೆ) ಮನೆತನದವಳು, ನಮ್ಮ ಮನೆಯವರು ಕಥೋಲಿಕರು. ಭಾನುವಾರ ನಾನು ನಮ್ಮ ಚರ್ಚಿನ ಆರಾಧನೆಗೆ, ಅವರು ತಮ್ಮ ಚರ್ಚಿನ ಪೂಜೆಗೆ. ಮದುವೆಯಾದಾಗಿನಿಂದ ಹೀಗೇ ನಡೆದುಕೊಂಡು ಬಂದಿದೆ, ಯಾರ ಗಂಟೂ ಹೋಗಿಲ್ಲ. ಇಬ್ಬರಿಗೂ ಸೇರಿ ಏನಾದರೂ ಒಂದು ಇರಲಿ ಅಂತ ಶುರುವಾದ ಕೂಟ ಇದು. ರೈಲ್ವೆಯಲ್ಲಿದ್ದು ರಿಟೈರ್ ಆದ ಅಂಕಲ್ ಬರುತ್ತಾರೆ, ಅವರು ಪಕ್ಕಾ ಕಥೋಲಿಕರು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಕೇರಳದ ಚೇಚಿ (ಮಲಯಾಳದಲ್ಲಿ ಅಕ್ಕ ಅಂತ) ಬರುತ್ತಾರೆ, ಅವರು ಆರ್ಥೊಡಾಕ್ಸ್ ಸಭೆಯವರು. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ನಿಟ್ಟುವಳ್ಳಿಯ ಅಕ್ಕ, ಇಬ್ಬರು ಕಾಲೇಜು ಹುಡುಗರು, ಅವರನ್ನು ನೋಡಿಕೊಂಡು ಬರುವ ಒಂದಿಬ್ಬರು ತಾಯಂದಿರು. ಫಾದರ್ ಆಗಲಿ ಪಾಸ್ಟರ್ ಆಗಲಿ ಇರುವುದಿಲ್ಲ. ಓದುವುದು ಒಬ್ಬರು, ಮಾತಾಡುವುದು ಎಲ್ಲರೂ. ಬಾಗಿಲು ತೆರೆದೇ ಇರುತ್ತದೆ. ಸೆಖೆಗೂ ಹೌದು, ಬೇರೆ ಕಾರಣಕ್ಕೂ ಹೌದು. ಮನೆಯೊಳಗೆ ಪ್ರಾರ್ಥನೆ ಅಂದರೆ ಒಳಗೆ ಏನು ನಡೀತಿದೆ ಅಂತ ಕೇಳುವ ಕಾಲ ಇದು. ಬಾಗಿಲು ತೆರೆದಿದ್ದರೆ ಅರ್ಧ ಉತ್ತರ ಸಿಕ್ಕ ಹಾಗೆ.

ಇಲ್ಲಿ ಉಪವಾಸಕ್ಕೆ ಯಾರೂ ಬೆರಗಾಗುವುದಿಲ್ಲ

ದಾವಣಗೆರೆಯಲ್ಲಿ ಲೆಂಟ್ ಆಚರಿಸುವವರಿಗೆ ಒಂದು ಕಷ್ಟ ಇದೆ. ನೀವು ಏನು ಬಿಟ್ಟರೂ ಅದು ಇಲ್ಲಿ ಸುದ್ದಿಯಲ್ಲ. ‘40 ದಿನ ನಾವು ಬಾಡು ತಿನ್ನಲ್ಲ’ ಅಂತ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಒಮ್ಮೆ ಹೇಳಿದೆ. ಪಕ್ಕದಲ್ಲಿ ಕೂತಿದ್ದ ಲಿಂಗಾಯತರ ಟೀಚರ್ ಡಬ್ಬಿಯಿಂದ ತಲೆ ಎತ್ತದೆ, ‘ನಾವು ಹುಟ್ಟಿದಾಗಿಂದ ತಿಂದಿಲ್ಲ ಬಿಡ್ರೀ’ ಅಂದರು. ಮಾತು ಅಲ್ಲಿಗೇ ಮುಗಿಯಿತು. ಬೂದಿ ಬುಧವಾರದ ದಿನವೂ ಅಷ್ಟೇ. ಬೇರೆ ಊರುಗಳಲ್ಲಿ ಹಣೆಯ ಮೇಲೆ ಬೂದಿ ಇಟ್ಟುಕೊಂಡು ಹೊರಗೆ ಬಂದರೆ ಜನ ತಿರುಗಿ ನೋಡುತ್ತಾರಂತೆ. ಇಲ್ಲಿ ಬೆಳಿಗ್ಗೆ ಹಾಲು ಹಾಕುವವರಿಂದ ಹಿಡಿದು ಬ್ಯಾಂಕಿನ ಮ್ಯಾನೇಜರ್ ತನಕ ಅರ್ಧ ಊರಿನ ಹಣೆಯಲ್ಲಿ ವಿಭೂತಿ ಇರುತ್ತದೆ. ಹೋದ ವರ್ಷದ ಗರಿಗಳ ಭಾನುವಾರದಲ್ಲಿ ಹಿಡಿದ ಗರಿಗಳನ್ನು ಸುಟ್ಟ ಬೂದಿ ನಮ್ಮ ಮನೆಯವರ ಹಣೆಯಲ್ಲಿದೆ ಅಂತ ಅಂಗಡಿಯವರಿಗೆ ಹೇಗೆ ಗೊತ್ತಾಗಬೇಕು? ‘ನೀನು ಮಣ್ಣು, ಮತ್ತೆ ಮಣ್ಣಿಗೇ ಸೇರುತ್ತೀ’ ಅಂತ ಗುರುಗಳ ಬಾಯಿಂದ ಕೇಳಿಸಿಕೊಂಡು ಬಂದವರಿಗೆ ಅಂಗಡಿಯವರು ‘ಶರಣು ಶರಣಾರ್ಥಿ’ ಅಂತ ಕೈ ಮುಗಿದಿದ್ದೂ ಇದೆ. ಇವರೂ ತಿರುಗಿ ಕೈ ಮುಗಿದು ಸಕ್ಕರೆ ತಂದರು.

2024ರ ವರ್ಷವನ್ನಂತೂ ನಾನು ಮರೆಯಲಾರೆ. ಫೆಬ್ರವರಿ 14ಕ್ಕೆ ಬೂದಿ ಬುಧವಾರ. ಮಾರ್ಚ್ 8ಕ್ಕೆ ಶಿವರಾತ್ರಿ. 12ಕ್ಕೆ ರಂಜಾನ್ ಉಪವಾಸ ಶುರು. ಅದರ ಬೆನ್ನಿಗೇ ಎರಡು ವರ್ಷಕ್ಕೊಮ್ಮೆ ಬರುವ, ನಮ್ಮ ಊರದೇವತೆ ದುಗ್ಗಮ್ಮನ ಜಾತ್ರೆ. 31ಕ್ಕೆ ಈಸ್ಟರ್. ಹಿಂದಿನ ವರ್ಷ ಮಳೆ ಕೈಕೊಟ್ಟು ಹೆಚ್ಚುಕಡಿಮೆ ರಾಜ್ಯಕ್ಕೆ ರಾಜ್ಯವೇ ಬರ ಅಂತ ಘೋಷಣೆಯಾಗಿತ್ತು. ಬಿಸಿಲು ಅಂದರೆ ಬಿಸಿಲು. ಆ ತಿಂಗಳು ಇಡೀ ಊರಿನಲ್ಲಿ ಒಂದಲ್ಲ ಒಂದು ಓಣಿಯವರು ಉಪವಾಸ ಇದ್ದರು. ಹನಿ ನೀರು ಕುಡಿಯದೆ ಹಗಲಿಡೀ ಗಾರೆ ಕೆಲಸ ಮಾಡುವವರ ಎದುರು, ಶುಕ್ರವಾರ ಒಂದು ಹೊತ್ತು ಬಿಟ್ಟು ರಾತ್ರಿ ಉಪ್ಪಿಟ್ಟು ತಿನ್ನುವ ನಮ್ಮದನ್ನು ಉಪವಾಸ ಅಂತ ಕರೆಯಲೇ ಸಂಕೋಚ ಆಗುತ್ತದೆ.

ನಮ್ಮ ನಮ್ಮಲ್ಲೂ ಒಂದೇ ಲೆಕ್ಕ ಇಲ್ಲ. ಕಥೋಲಿಕರಲ್ಲಿ ನಿಯಮ ಸ್ಪಷ್ಟ. ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಉಪವಾಸ, ಅಂದರೆ ಒಂದು ಪೂರ್ತಿ ಊಟ, ಬೇಕಿದ್ದರೆ ಎರಡು ಸಣ್ಣ ಫಲಾಹಾರ. ತಪಸ್ಸುಕಾಲದ ಶುಕ್ರವಾರಗಳಲ್ಲಿ ಮಾಂಸ ಇಲ್ಲ. ಉಪವಾಸದ ನಿಯಮ 18 ತುಂಬಿದವರಿಂದ 59ರವರೆಗೆ, ಮಾಂಸ ಬಿಡುವುದು 14 ತುಂಬಿದ ಮೇಲೆ. ಅಂಕಲ್‌ಗೆ 60 ದಾಟಿ ಬಹಳ ವರ್ಷ ಆಯಿತು. ‘ನನಗೆ ರೂಲ್ ಪ್ರಕಾರ ಮಾಫಿ’ ಅಂತ ಪ್ರತಿ ವರ್ಷ ಹೇಳುತ್ತಾರೆ, ಪ್ರತಿ ವರ್ಷ ಉಪವಾಸವೂ ಮಾಡುತ್ತಾರೆ. ಬೂದಿ ಬುಧವಾರದಿಂದ ಈಸ್ಟರ್‌ವರೆಗೆ ಎಣಿಸಿದರೆ 46 ದಿನ ಬರುತ್ತದೆ, 40 ಹೇಗೆ ಅಂತ ಹುಡುಗರು ಕೇಳಿದರೆ ಅವರ ಮುಖ ಅರಳುತ್ತದೆ. ಭಾನುವಾರ ಲೆಕ್ಕಕ್ಕಿಲ್ಲ! ಪ್ರತಿ ಭಾನುವಾರವೂ ಪುನರುತ್ಥಾನದ ದಿನ, ಹಾಗಾಗಿ ಆರು ಭಾನುವಾರ ಕಳೆಯಬೇಕು. ಆ ಆರು ಭಾನುವಾರ ಅವರ ಮನೆಯಿಂದ ಮಸಾಲೆ ವಾಸನೆ ಬರುವುದು ಗ್ಯಾರಂಟಿ. ಚೇಚಿಯದು ಇದಕ್ಕೆ ಪೂರ್ತಿ ಉಲ್ಟಾ. ಅವರದು ‘ಅಂಬತ್ ನೋಂಬು’, 50 ದಿನದ್ದು. ಶುರುವಾಗುವುದೇ ಸೋಮವಾರ, ನಮಗಿಂತ ಎರಡು ದಿನ ಮೊದಲು. ಬೂದಿ ಇಡುವ ಪದ್ಧತಿ ಅವರಲ್ಲಿಲ್ಲ. ಮಾಂಸ, ಮೀನು, ಮೊಟ್ಟೆ ಇಲ್ಲ, ಅವರು ಹಾಲನ್ನೂ ಬಿಡುತ್ತಾರೆ. ಭಾನುವಾರದ ವಿನಾಯಿತಿಯೂ ಇಲ್ಲ. ನೈಟ್ ಡ್ಯೂಟಿ ಮುಗಿಸಿ ಬಂದು ಕರಿ ಚಹಾ ಕುಡಿದು ಕೂರುವ ಅವರ ಮುಂದೆ ನಮ್ಮ ಚರ್ಚೆಗಳು ಸ್ವಲ್ಪ ಪೇಲವವಾಗುತ್ತವೆ. ನಮ್ಮ ಸಿಎಸ್‌ಐ ಮನೆಗಳಲ್ಲಿ ಯಾರೂ ಏನನ್ನೂ ಕಡ್ಡಾಯ ಮಾಡಿಲ್ಲ. ಮನಸ್ಸಿಗೆ ಬಂದಿದ್ದನ್ನು ಬಿಡುತ್ತೇವೆ, ಮನಸ್ಸಿಗೆ ಬಂದ ದಿನ ಹಿಡಿಯುತ್ತೇವೆ.

ಇನ್ನು ಬೆಣ್ಣೆ ದೋಸೆ. ಮಾಂಸ ಬಿಟ್ಟು, ಹೋಟೆಲಿನಲ್ಲಿ ಕೂತು, ಅಂಗೈಯಗಲದ ಬೆಣ್ಣೆ ಕರಗುತ್ತಿರುವ ದೋಸೆಯನ್ನು ಆಲೂಗಡ್ಡೆ ಪಲ್ಯದ ಜೊತೆ ತಿಂದರೆ ಅದು ತಪಸ್ಸೋ? ಕೂಟ ಮುಗಿದ ಮೇಲೆ ನಾವು ತರಿಸುವ ಮಂಡಕ್ಕಿ ಮಿರ್ಚಿಯ ಬಗ್ಗೆಯೂ ಕಾಲೇಜು ಹುಡುಗ ಇದೇ ಪ್ರಶ್ನೆ ಎತ್ತಿದ. ‘ಇದು ಸರಳ ಆಹಾರ’ ಅಂದರು ಅಂಕಲ್. ಹುಡುಗ ಎಣ್ಣೆ ಅಂಟಿದ ಪೇಪರನ್ನು ಬೆಳಕಿಗೆ ಹಿಡಿದು ತೋರಿಸಿದ. ಅದರಾಚೆ ಟ್ಯೂಬ್‌ಲೈಟ್ ಕಾಣುತ್ತಿತ್ತು.

ಬುಧವಾರದ ಕರೆ

ದುಗ್ಗಮ್ಮನ ಜಾತ್ರೆ ಏನು ಅಂತ ಈ ಕಡೆಯವರಿಗೆ ಹೇಳುವ ಅಗತ್ಯ ಇಲ್ಲ. ಹಂದರಗಂಬ ನೆಟ್ಟರೆಂದರೆ ಊರಿನ ಲಕ್ಷಣವೇ ಬದಲಾಗುತ್ತದೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳೆಲ್ಲ ತವರಿಗೆ ಬರುತ್ತಾರೆ. ಮಂಗಳವಾರ ಸಿಹಿ ಊಟ, ಬುಧವಾರ ಹರಕೆಯ ಬಾಡೂಟ. ಓಣಿ ಓಣಿಗೂ ಶಾಮಿಯಾನ. ಆ ಬುಧವಾರ ಯಾರ ಮನೆಗೂ ಹೋಗದೆ ಮನೆಯಲ್ಲೇ ಉಂಡವರು ಒಂದೋ ಜಗಳ ಆಡಿರಬೇಕು, ಇಲ್ಲ ಹೊಸದಾಗಿ ಊರಿಗೆ ಬಂದಿರಬೇಕು. ನಮ್ಮ ಎದುರು ಮನೆಯಾಕೆ ಒಂದು ವಾರ ಮೊದಲೇ ಬಂದು ಗೇಟ್ ಹಿಡಿದು ನಿಂತರು. ‘ಟೀಚರ್ರೇ, ಬುಧವಾರ ಒಲೆ ಹಚ್ಚಂಗಿಲ್ಲ ನೋಡ್ರಿ. ಎಲ್ರೂ ನಮ್ಮನೇಗೆ ಬರ್ಬೇಕು. ಶುಕ್ರವಾರ ಬರ್ತಾರಲ್ಲ, ಆ ನಿಮ್ಮ ಕೂಟದೋರಿಗೂ ಹೇಳ್ರಿ.’

ಹಾಗಾಗಿ ಆ ಶುಕ್ರವಾರ ಓದಬೇಕಿದ್ದ ಪ್ರವಾದಿ ಯೆಶಾಯನ ಪುಸ್ತಕವನ್ನು ಪಕ್ಕಕ್ಕಿಟ್ಟು, ಅಪೊಸ್ತಲ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರ ತೆಗೆದೆವು. 8ನೇ ಅಧ್ಯಾಯ, ಆಮೇಲೆ 10. ಈ ಅಧ್ಯಾಯಗಳನ್ನು ಬೇರೆ ದೇಶದವರು ಹೇಗೆ ಓದುತ್ತಾರೋ, ನಮಗಂತೂ ಅದು ನಮ್ಮ ಓಣಿಯ ವಿಷಯ. ಕ್ರಿ.ಶ. 50ರ ದಶಕದ ಕೊರಿಂಥ ಗ್ರೀಸ್‌ನ ದೊಡ್ಡ ವ್ಯಾಪಾರದ ಊರು. ಗುಡಿಯಲ್ಲಿ ಬಲಿ ಕೊಟ್ಟ ಪ್ರಾಣಿಯ ಮಾಂಸ ಒಂದಿಷ್ಟು ಗುಡಿಯ ಊಟಕ್ಕೆ ಹೋಗುತ್ತಿತ್ತು, ಒಂದಿಷ್ಟು ಸಂತೆಗೆ ಬರುತ್ತಿತ್ತು. ಅಲ್ಲಿನ ವೈದ್ಯ ದೇವರ ಗುಡಿಯಲ್ಲಿ ಊಟದ ಕೋಣೆಗಳೇ ಇದ್ದವು ಅನ್ನುವುದು ಅಗೆತದಲ್ಲಿ ಗೊತ್ತಾಗಿದೆ. ಬಡವರಿಗೆ ಮಾಂಸ ಸಿಗುತ್ತಿದ್ದದ್ದೇ ಹಬ್ಬದ ದಿನ. ಅಲ್ಲಿನ ಹೊಸ ವಿಶ್ವಾಸಿಗಳು ಪೌಲನಿಗೆ ಕೇಳಿದ್ದು ಇದನ್ನೇ: ಉಣ್ಣಬಹುದಾ, ಬೇಡವಾ?

ಪೌಲ ನೇರವಾಗಿ ಒಂದು ಉತ್ತರ ಕೊಡುವುದಿಲ್ಲ. ವಿಗ್ರಹ ಅನ್ನುವುದು ಏನೂ ಅಲ್ಲ, ಹಾಗಾಗಿ ಮಾಂಸ ಬರೀ ಮಾಂಸ ಅನ್ನುತ್ತಾನೆ. ಆದರೆ ಎಲ್ಲರಿಗೂ ಹಾಗೆ ಅನ್ನಿಸುವುದಿಲ್ಲ, ನೀವು ಉಣ್ಣುವುದನ್ನು ನೋಡಿ ಬಲವಿಲ್ಲದ ತಮ್ಮನೊಬ್ಬ ಎಡವಿದರೆ ಆ ಊಟ ಬೇಡ ಅನ್ನುತ್ತಾನೆ. ಮುಂದೆ, ನಂಬದವರು ಯಾರಾದರೂ ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ಏನೂ ಕೇಳದೆ ಉಣ್ಣಿ ಅನ್ನುತ್ತಾನೆ. ಇದು ಬಲಿಯದ್ದು ಅಂತ ಯಾರಾದರೂ ಹೇಳಿದರೆ ಮಾತ್ರ, ಹೇಳಿದವರ ಸಲುವಾಗಿ, ಬಿಡಿ. ‘ಇಲ್ಲಿ ಹೇಳೋದೇನು ಬಂತು, ಊರಿಗೇ ಗೊತ್ತು’ ಅಂದ ಹುಡುಗ.

ಚರ್ಚೆ ಬಿಸಿಯಾಯಿತು. ಅಂಕಲ್ ತಮ್ಮ ರೂಲ್ ಬುಕ್ ತೆಗೆದರು. ಮಾಂಸ ಬಿಡುವುದು ಶುಕ್ರವಾರ, ಊಟ ಇರುವುದು ಬುಧವಾರ, ಅಲ್ಲಿಗೆ ತಪಸ್ಸುಕಾಲದ ಅಡ್ಡಿ ಇಲ್ಲವೇ ಇಲ್ಲ! ಇಡೀ ಲೆಂಟ್ ಮಾಂಸ ಬಿಡುತ್ತೇನೆ ಅಂತ ಹರಕೆ ಹೊತ್ತಿದ್ದ ನಮ್ಮ ಮನೆಯವರಿಗೆ ಇದು ಅಷ್ಟು ಸುಲಭ ಅನ್ನಿಸಲಿಲ್ಲ. ಒಬ್ಬ ತಾಯಿ ಹೋಗುವುದೇ ಬೇಡ ಅಂದರು. ಅವರ ಸಭೆಯಲ್ಲಿ ಪ್ರಸಾದವನ್ನೂ ಮುಟ್ಟಬಾರದು ಅನ್ನುತ್ತಾರೆ. ನಾನು ಸಮಾಜ ಪಾಠ ಹೇಳುವವಳು, ಸುಮ್ನೆ ಇರಲಾಗದೆ ಸ್ವಿಟ್ಜರ್ಲೆಂಡಿನ ಜೂರಿಕ್‌ನ ಕಥೆ ಹೇಳಿದೆ. 1522ರ ಲೆಂಟ್‌ನಲ್ಲಿ ಫ್ರೋಶೌವರ್ ಎಂಬ ಮುದ್ರಕನ ಮನೆಯಲ್ಲಿ ಒಂದಿಷ್ಟು ಜನ ಸೇರಿ ಸಾಸೇಜನ್ನು ಸಣ್ಣಗೆ ಕತ್ತರಿಸಿ ಹಂಚಿಕೊಂಡು ತಿಂದರು. ಅದು ದೊಡ್ಡ ಗಲಾಟೆಯಾಗಿ ನಗರಸಭೆಗೆ ಹೋಯಿತು. ಪಾದ್ರಿ ಜ್ವಿಂಗ್ಲಿ ಅಲ್ಲೇ ಇದ್ದರೂ ತಾನು ತಿನ್ನಲಿಲ್ಲ, ಆದರೆ ತಿಂದವರ ಪರವಾಗಿ ಉಪದೇಶ ಮಾಡಿದ. ಆ ದೇಶದ ಪ್ರೊಟೆಸ್ಟೆಂಟ್ ಮತಸುಧಾರಣೆಯ ಕಥೆ ಶುರುವಾಗುವುದು ಬಹುಮಟ್ಟಿಗೆ ಅಲ್ಲಿಂದ. ಮಜಾ ಏನೆಂದರೆ, ತಾವು ತಿಂದದ್ದಕ್ಕೆ ಫ್ರೋಶೌವರ್ ಕೊಟ್ಟ ಕಾರಣ ಕೆಲಸದ ಒತ್ತಡ. ಹಗಲು ರಾತ್ರಿ ಅವರು ಅಚ್ಚು ಹಾಕುತ್ತಿದ್ದದ್ದು ಪೌಲನ ಪತ್ರಗಳನ್ನೇ. ‘ಅಂದ್ರೆ ನಿಮ್ಮೋರು ತಿನ್ನೋಕೇ ಹುಟ್ಟಿದ್ದು’ ಅಂದರು ಅಂಕಲ್. ಎಲ್ಲರೂ ನಕ್ಕೆವು.

ಅಕ್ಕ ನಗಲಿಲ್ಲ.

ಅಕ್ಕ ಹೇಳಿದ್ದು

ಅಕ್ಕನ ತವರು ಹಳೇ ದಾವಣಗೆರೆ, ದುಗ್ಗಮ್ಮನ ಗುಡಿಗೆ ಹತ್ತಿರದ ಓಣಿ. ಅವರು ಯೇಸುವಿನ ಕಡೆ ಬಂದ ಕಥೆ ಅವರದು, ಅದನ್ನು ನಾನು ಇಲ್ಲಿ ಹೇಳುವುದಿಲ್ಲ. ಅವತ್ತು ಅವರು ಹೇಳಿದ್ದು ಚಿಕ್ಕಂದಿನದು. ಮೈಮೇಲೆ ಅಮ್ಮ ಎದ್ದು ಹುಡುಗಿ ಉಳಿಯುವುದಿಲ್ಲ ಅನ್ನುವ ಹಾಗಾದಾಗ ಅವರ ಅವ್ವ ಹರಕೆ ಹೊತ್ತಿದ್ದರಂತೆ. ಹುಷಾರಾದ ಮೇಲೆ ಬಂದ ಜಾತ್ರೆಯಲ್ಲಿ ಹುಡುಗಿಗೆ ಬೇವಿನುಡುಗೆ ಉಡಿಸಿ ಗುಡಿಗೆ ಕರೆದುಕೊಂಡು ಹೋದರು. ಬೇವಿನ ಕಡ್ಡಿ ಸೊಂಟಕ್ಕೆ ಚುಚ್ಚುತ್ತಿತ್ತು. ಮುಂದೆ ಅವ್ವ ದೀಡು ನಮಸ್ಕಾರ ಹಾಕುತ್ತಾ ಹೋಗುತ್ತಿದ್ದರು, ಏಳುವುದು, ಮಲಗುವುದು, ಏಳುವುದು. ರೋಡಿಗೆ ನೀರು ಹಾಕಿದ್ದರೂ ಅಂಗೈ ಸುಟ್ಟಿತ್ತು. ಮನೆಯಲ್ಲಿ ಕಟ್ಟಿದ್ದ ಕುರಿಮರಿಗೆ ದಿನಾ ಸೊಪ್ಪು ತಂದು ಹಾಕಿದ್ದು ಇದೇ ಹುಡುಗಿ. ಬುಧವಾರ ಅದೇ ಮರಿಯ ಊಟ.

‘ನಿಮಗೆ ಅದು ಬರೀ ಬಾಡು. ತಿಂದ್ರೂ ಅಷ್ಟೇ, ಬಿಟ್ರೂ ಅಷ್ಟೇ. ನನಗೆ ಹಂಗಲ್ಲ. ಆ ವಾಸನೆ ಬಂದ್ರೆ ನಮ್ಮವ್ವ ಎದುರಿಗೆ ಬಂದು ನಿಂತಂಗಾಗುತ್ತೆ. ಉಂಡ್ರೆ ವಾಪಸ್ ಹೋದಂಗೆ. ಅದಕ್ಕೇ ನಾನು ಉಣ್ಣಲ್ಲ’ ಅಂದರು ಅಕ್ಕ. ಹೋಗುವುದು ಬೇಡ ಅಂದಿದ್ದ ತಾಯಿ ತಲೆ ಆಡಿಸಿದರು. ಅಕ್ಕ ಅವರ ಕಡೆ ತಿರುಗಿ, ‘ಆದ್ರೆ ಹೋಗ್ತೀನಮ್ಮ’ ಅಂದರು. ‘ಪ್ರತಿ ಜಾತ್ರೆಗೂ ಹೋಗ್ತೀನಿ. ತಮ್ಮನ ಮನೇಲಿ ಅಷ್ಟು ಜನ ಉಣ್ತಾರೆ. ಮುದ್ದೆ ಯಾರು ತಿರುವ್ತಾರೆ? ಡಬರಿ ಯಾರು ತಿಕ್ತಾರೆ? ಬೆಳಿಗ್ಗೆ ಹೋದ್ರೆ ರಾತ್ರಿ ಬರ್ತೀನಿ. ನಾದಿನಿ ನನಗೆ ಅಂತ ಮೊಸರನ್ನ ಎತ್ತಿಟ್ಟಿರ್ತಾಳೆ. ಯಾಕೆ ಉಣ್ಣಲ್ಲ ಅಂತ ಒಂದು ಸಲ ಕೇಳಿದ್ರು, ಹೇಳಿದೆ. ಆಮೇಲೆ ಯಾರೂ ಕೇಳಿಲ್ಲ.’

ಈ ಪತ್ರವನ್ನು ನಾನು ಎಷ್ಟು ಸಲ ಓದಿದ್ದೇನೋ. ಯಾವಾಗಲೂ ನಾನು ಬಲ ಇದ್ದವರ ಕಡೆ ನಿಂತೇ ಓದಿದ್ದೇನೆ. ನಮಗೆ ತಿಳಿವಳಿಕೆ ಇದೆ, ಇಲ್ಲದವರ ಸಲುವಾಗಿ ನಾವು ಸ್ವಲ್ಪ ತಗ್ಗಬೇಕು, ಪೌಲ ಹೇಳುವುದು ಇಷ್ಟೇ ಅಂತ. ಚರ್ಚುಗಳಲ್ಲೂ ಹೀಗೇ ಹೇಳಿಕೊಡುತ್ತಾರೆ. ಅಕ್ಕ ಮಾತಾಡಿದ ಮೇಲೆ ಆ ಲೆಕ್ಕ ನಿಲ್ಲುತ್ತಿಲ್ಲ. ನನ್ನ ಬಲ ಎಲ್ಲಿಂದ ಬಂತು? ನನ್ನ ಮುತ್ತಜ್ಜ ತನ್ನ ಮನೆದೇವರನ್ನು ಬಿಟ್ಟು ಬಂದಾಗ ಕಳೆದುಕೊಳ್ಳಬೇಕಾದದ್ದನ್ನೆಲ್ಲ ಕಳೆದುಕೊಂಡ. ಆ ಬೆಲೆ ಅವನು ಕೊಟ್ಟ. ಮೂರು ತಲೆಮಾರು ಆದ ಮೇಲೆ ಜಾತ್ರೆಯ ಊಟ ನನಗೆ ಬರೀ ಊಟ. ನನ್ನ ಬಲ ಅಂದರೆ ನನಗೆ ಅದರ ನೆನಪಿಲ್ಲ ಅನ್ನುವುದಷ್ಟೇ. ಅಕ್ಕನಿಗೆ ನೆನಪಿದೆ. ನೆನಪಿದ್ದೂ ಹೋಗುತ್ತಾರೆ, ಹೋಗಿ ಎಲ್ಲರಿಗಿಂತ ಜಾಸ್ತಿ ಕೆಲಸ ಮಾಡುತ್ತಾರೆ, ಉಣ್ಣದೆ ಬರುತ್ತಾರೆ. ಇವರನ್ನು ಬಲವಿಲ್ಲದವರ ಸಾಲಿನಲ್ಲಿ ಹೇಗೆ ಕೂರಿಸುವುದು?

ಉಣ್ಣುವುದು, ಬಿಡುವುದು, ಈ ಎರಡರ ಮಾತೇ ಪೌಲನಲ್ಲಿರುವುದು. ಪಾತ್ರೆ ತಿಕ್ಕುವವರ ಬಗ್ಗೆ ಅವನು ಏನೂ ಬರೆದಿಲ್ಲ. ಹೆಂಗಸರು ಪತ್ರ ಬರೆದಿದ್ದರೆ ಬರುತ್ತಿತ್ತೇನೋ. (ಇದನ್ನು ಕೂಟದಲ್ಲೂ ಹೇಳಿದೆ. ಅಂಕಲ್ ‘ಅದೂ ನಿಜಾನೇ’ ಅಂದರು. ಅವರ ಬಾಯಿಂದ ಇಷ್ಟು ಬರುವುದೇ ದೊಡ್ಡದು.)

ಶಾಮಿಯಾನದ ಕೆಳಗೆ

ಬುಧವಾರ ನಾವು ಹೋದೆವು. ಓಣಿಗೆ ಅಡ್ಡಲಾಗಿ ಶಾಮಿಯಾನ, ಗೋಡೆ ಪಕ್ಕ ಇಟ್ಟಿಗೆ ಒಲೆ, ಅದರ ಮೇಲೆ ಇಬ್ಬರು ಸೇರಿ ಎತ್ತುವಂಥ ಡಬರಿಗಳು. ಹೊಗೆಗೆ 10 ನಿಮಿಷ ಕಣ್ಣೇ ಬಿಡಲಾಗಲಿಲ್ಲ. ನಾನು ಒಂದು ಸಣ್ಣ ಭಾಷಣ ತಯಾರು ಮಾಡಿಕೊಂಡು ಹೋಗಿದ್ದೆ, ಇದು ನಮಗೆ ತಪಸ್ಸಿನ ತಿಂಗಳು, ಬೇಜಾರು ಮಾಡ್ಕೋಬೇಡಿ ಅಂತೆಲ್ಲ. ಅದು ಬೇಕಾಗಲೇ ಇಲ್ಲ. ಬಕೆಟ್ ಹಿಡಿದ ಹುಡುಗ ನಮ್ಮ ಮನೆಯವರ ಮುಂದೆ ಬಂದು ಸೌಟು ಎತ್ತಿದ, ಅವರು ಎಲೆಯ ಮೇಲೆ ಕೈ ಅಡ್ಡ ಹಿಡಿದರು, ಹುಡುಗ ಮುಂದಕ್ಕೆ ಹೋದ. ಹಿಂದಿನಿಂದ ಇನ್ನೊಬ್ಬ ಬಂದು ಮಂಗಳವಾರದ ಹೋಳಿಗೆಯನ್ನೂ ಕಾಳು ಪಲ್ಯವನ್ನೂ ಹಾಕಿದ. ನಾನು ಸಾರು ಹಾಕಿಸಿಕೊಂಡು ಉಂಡೆ. ಇಬ್ಬರನ್ನೂ ಯಾರೂ ಏನೂ ಕೇಳಲಿಲ್ಲ. ಎದುರು ಮನೆಯಾಕೆಗೆ ಇದ್ದ ದೂರು ಒಂದೇ, ನಾನು ಎರಡನೇ ಮುದ್ದೆ ಹಾಕಿಸಿಕೊಳ್ಳಲಿಲ್ಲ ಅಂತ.

ಆಮೇಲೆ ಸುತ್ತ ನೋಡಿದೆ. ಓಣಿಯ ತುದಿ ಮನೆಯ ಲಿಂಗಾಯತರ ಯಜಮಾನರು ಶಾಮಿಯಾನದ ಅಂಚಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಒಂದು ಲೋಟ ಶರಬತ್ತು ಕುಡಿದು, ಎಲೆ ಅಡಿಕೆ ಹಾಕಿಕೊಂಡು, ಬಂದವರನ್ನೆಲ್ಲ ಮಾತಾಡಿಸುತ್ತಿದ್ದರು. ಶಾಮಿಯಾನ ಹಾಕಿದ ಹುಡುಗ ರಂಜಾನಿನ ರೋಜಾ, ಅಂದರೆ ಉಪವಾಸ, ಇದ್ದ. ಒಣಗಿದ ತುಟಿಯಲ್ಲೇ ಕುರ್ಚಿ ಹೊತ್ತು ತಂದು ಹಾಕುತ್ತಿದ್ದ. ನೀರಿನ ಲೋಟ ಹಿಡಿದು ಬಂದ ಮಗುವಿಗೆ ‘ಬೇಡಪ್ಪಾ’ ಅಂತ ತಲೆ ಸವರಿ ಕಳಿಸಿದ. ನಾವು ಒಂದು ಸಂಜೆ ಪೂರ್ತಿ ಕೂತು, ಎರಡು ಅಧ್ಯಾಯ ಓದಿ, ಜೂರಿಕ್‌ವರೆಗೆ ಹೋಗಿ ಬಂದು ತಲೆ ಕೆಡಿಸಿಕೊಂಡ ವಿಷಯವನ್ನು ಈ ಓಣಿಯವರು ಯಾರನ್ನೂ ಕೇಳದೆ ನಿಭಾಯಿಸುತ್ತಿದ್ದರು. ಉಣ್ಣುವವರು ಉಣ್ಣುತ್ತಾರೆ, ಉಣ್ಣದವರು ಬಂದು ಕೂರುತ್ತಾರೆ. ಬರದೇ ಇದ್ದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಇದನ್ನು ಸೌಹಾರ್ದದ ಕಥೆ ಮಾಡಿ ಬರೆಯುವುದು ಸುಲಭ. ನನಗೆ ಅದರಲ್ಲಿ ಪೂರ್ತಿ ನಂಬಿಕೆ ಇಲ್ಲ. ಇದೇ ಊರಿನಲ್ಲಿ ಯಾರು ಯಾವ ಪಂಕ್ತಿಯಲ್ಲಿ ಕೂರಬೇಕು ಅನ್ನುವ ಲೆಕ್ಕವೂ ಅಷ್ಟೇ ಮೌನವಾಗಿ ನಡೆದುಕೊಂಡು ಬಂದಿದೆ. ತಾನು ಚಿಕ್ಕವಳಿದ್ದಾಗ ಕೆಲವು ಮನೆಗಳಲ್ಲಿ ಊಟ ಸಿಗುತ್ತಿತ್ತು, ಆದರೆ ಹಿತ್ತಿಲಲ್ಲಿ ಅಂತ ಅಕ್ಕ ಹೇಳಿದ್ದಾರೆ. ಯಾರೂ ಏನೂ ಕೇಳದೆ ಇರುವುದು ಎಲ್ಲಾ ಸಲವೂ ದೊಡ್ಡತನವಲ್ಲ. ಕೆಲವು ಸಲ ಕೇಳಿದರೆ ಉತ್ತರ ಕೊಡಬೇಕಾಗುತ್ತದೆ ಅನ್ನುವ ಭಯ. ನಮ್ಮವರೂ ಕಡಿಮೆಯೇನಲ್ಲ. ಅದೇ ಪತ್ರದ 11ನೇ ಅಧ್ಯಾಯದಲ್ಲಿ ಪೌಲ ಕೊರಿಂಥದ ಸಭೆಯನ್ನು ತರಾಟೆಗೆ ತೆಗೆದುಕೊಳ್ಳುವುದು ಇದಕ್ಕೇ. ಕರ್ತನ ಭೋಜನಕ್ಕೆ, ಅಂದರೆ ಯೇಸುವಿನ ನೆನಪಿನ ಊಟಕ್ಕೆ, ಸೇರಿದಾಗಲೂ ಉಳ್ಳವರು ಮೊದಲೇ ಉಂಡು ಮುಗಿಸುತ್ತಿದ್ದರು, ಇಲ್ಲದವರು ಹಸಿದೇ ಇರುತ್ತಿದ್ದರು. ಬಲಿ ಮಾಂಸದ ಬಗ್ಗೆ ನಯವಾಗಿ ಮಾತಾಡಿದ ಮನುಷ್ಯ ಇಲ್ಲಿಗೆ ಬರುವಾಗ ಸಿಟ್ಟಾಗಿರುತ್ತಾನೆ. ನಮ್ಮ ಸಭೆಗಳಲ್ಲಿ ಮದುವೆ ಸಂಬಂಧ ಹುಡುಕುವಾಗ ಏನೇನು ವಿಚಾರಿಸುತ್ತಾರೆ ಅಂತ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಿಡಿ ಅಕ್ಕಿ

ಜಾತ್ರೆ ಮುಗಿದ ಮೇಲಿನ ಶುಕ್ರವಾರ ಯೆಶಾಯನಿಗೆ ವಾಪಸ್ ಬಂದೆವು, 58ನೇ ಅಧ್ಯಾಯ. ನಾವು ಉಪವಾಸ ಮಾಡಿದರೂ ನೀನು ಯಾಕೆ ನೋಡುವುದಿಲ್ಲ ಅಂತ ಜನ ದೇವರನ್ನು ಕೇಳುತ್ತಾರೆ. ಉಪವಾಸದ ದಿನವೂ ನೀವು ಕೂಲಿಯವರನ್ನು ದುಡಿಸಿಕೊಳ್ಳುತ್ತೀರಲ್ಲ ಅಂತ ದೇವರು ತಿರುಗಿ ಕೇಳುತ್ತಾನೆ. ಹಸಿದವರಿಗೆ ನಿನ್ನ ರೊಟ್ಟಿ ಹಂಚು, ಅದು ನನಗೆ ಬೇಕಾದ ಉಪವಾಸ ಅನ್ನುತ್ತಾನೆ. ಎಲ್ಲರಿಗೂ ಗೊತ್ತಿರುವ ವಾಕ್ಯ, ಎಲ್ಲರೂ ‘ಆಮೆನ್’ ಅಂದೆವು. ಅಕ್ಕ ಮಾತ್ರ ಲೆಕ್ಕ ಕೇಳಿದರು. ‘ಅಂಕಲ್ ಶುಕ್ರವಾರ ಕೋಳಿ ತಿನ್ನಲಿಲ್ಲ. ಆ ಕೋಳಿ ದುಡ್ಡು ಎಲ್ಲಿಗೆ ಹೋಯ್ತು?’

ಅಂಕಲ್ ಸ್ವಲ್ಪ ಹೊತ್ತು ಯೋಚಿಸಿ, ‘ಪರ್ಸಲ್ಲೇ ಐತೆ’ ಅಂದರು.

ಅಕ್ಕನ ಈ ಪ್ರಶ್ನೆ ಬಹಳ ಹಳೆಯದು. 2ನೇ ಶತಮಾನದ ರೋಮಿನ ಕ್ರೈಸ್ತರ ಒಂದು ಬರಹದಲ್ಲೇ ಇದಕ್ಕೆ ಕ್ರಮ ಹೇಳಿದ್ದಾರೆ. ಉಪವಾಸದ ದಿನ ನೀನು ಏನು ಉಣ್ಣುತ್ತಿದ್ದೆಯೋ ಅದರ ಬೆಲೆ ಲೆಕ್ಕ ಹಾಕು, ಅಷ್ಟನ್ನು ವಿಧವೆಗೋ ಅನಾಥರಿಗೋ ಇಲ್ಲದವರಿಗೋ ಕೊಡು ಅಂತ. ಬಿಟ್ಟದ್ದು ಇನ್ನೊಬ್ಬರ ತಟ್ಟೆಗೆ ಹೋಗದಿದ್ದರೆ ಅದು ಬರೀ ಉಳಿತಾಯ. ನಾನು ಈ ಬರಹದ ವಿಷಯ ಹೇಳುವ ಮೊದಲೇ ಅಕ್ಕ ತಮ್ಮ ದಾರಿ ಹೇಳಿ ಮುಗಿಸಿದ್ದರು. ಪ್ರತಿ ಸಲ ಅನ್ನಕ್ಕೆ ಇಡುವಾಗ ಅಳೆದ ಅಕ್ಕಿಯಿಂದ ಒಂದು ಹಿಡಿ ತೆಗೆದು ಬೇರೆ ಡಬ್ಬಕ್ಕೆ ಹಾಕುವುದು. ಈಸ್ಟರ್ ಹೊತ್ತಿಗೆ ಎಲ್ಲರ ಡಬ್ಬ ಸೇರಿಸುವುದು. ಹಿಡಿ ಅಕ್ಕಿ ತೆಗೆದಿಡುವುದು ನಮ್ಮ ಅಜ್ಜಿಯ ಕಾಲದ ಚರ್ಚಿನ ಹೆಂಗಸರಿಗೂ ಗೊತ್ತಿತ್ತು. ನಡುವೆ ಕಾಣಿಕೆ ಕವರು ಬಂದು ಅದು ನಿಂತುಹೋಯಿತು.

ಹಾಗೇ ಮಾಡಿದೆವು. ಅಕ್ಕಿಯೇನೋ ಸೇರಿತು. ಯಾರಿಗೆ ಕೊಡುವುದು ಅಂತ ಬಂದಾಗ ಚೇಚಿ ಒಂದು ವಿಷಯ ಹೇಳಿದರು. ಹಳ್ಳಿಗಳಿಂದ ಬಂದು ಆಸ್ಪತ್ರೆಗಳಲ್ಲಿ ವಾರಗಟ್ಟಲೆ ಇರುವ ಪೇಷೆಂಟ್‌ಗಳ ಕಡೆಯವರಿಗೆ ಅಕ್ಕಿ ಕೊಟ್ಟರೆ ಏನು ಮಾಡುತ್ತಾರೆ, ಬೇಯಿಸಲು ಅವರಿಗೆ ಒಲೆ ಎಲ್ಲಿದೆ? ಪೇಷೆಂಟ್‌ಗೆ ಆಸ್ಪತ್ರೆಯ ಊಟ ಬರುತ್ತದೆ, ಜೊತೆಗಿದ್ದವರು ಬನ್ನು ತಿಂದು ಮಲಗುತ್ತಾರೆ. ಕೊನೆಗೆ ಅಕ್ಕಿಯನ್ನು ಅಕ್ಕನ ಮನೆಗೇ ಸಾಗಿಸಿ, ಅವರು ಚಿತ್ರಾನ್ನ ಮಾಡಿ, ಹುಡುಗರು ಪೊಟ್ಟಣ ಕಟ್ಟಿ, ಚೇಚಿ ಡ್ಯೂಟಿಗೆ ಹೋಗುವ ಹೊತ್ತಿಗೆ ಹಂಚಿದರು. ನೂರಾರು ಮಕ್ಕಳಿಗೆ ಅಡುಗೆ ಮಾಡಿದ ಕೈ, ಅವರಿಗೆ ಅದು ಲೆಕ್ಕಕ್ಕೇ ಇಲ್ಲ. ಪೊಟ್ಟಣದ ಮೇಲೆ ವಾಕ್ಯದ ಚೀಟಿ ಅಂಟಿಸೋಣವಾ ಅಂತ ಒಬ್ಬ ಹುಡುಗ ಕೇಳಿದ. ಬೇಡ ಅಂದೆವು. ಉಪವಾಸ ಮಾಡುವಾಗ ಮುಖ ತೊಳೆದು, ತಲೆಗೆ ಎಣ್ಣೆ ಹಚ್ಚಿಕೊಂಡು, ಯಾರಿಗೂ ಗೊತ್ತಾಗದ ಹಾಗೆ ಇರಿ ಅಂತ ಯೇಸು ಹೇಳಿದ್ದು ಬೂದಿ ಬುಧವಾರದ ದಿನವೇ ಓದಿರುತ್ತೇವಲ್ಲ.

ಈಗ ಇದರಲ್ಲೂ ಒಂದು ತಕರಾರು ಎದ್ದಿದೆ. ಅಕ್ಕಿ ಕೂಡಿಡುವುದು, ಹುಳ ಬೀಳದ ಹಾಗೆ ನೋಡಿಕೊಳ್ಳುವುದು, ಸಾಗಿಸುವುದು ಎಲ್ಲ ರಗಳೆ, ಅದರ ಬದಲು ಎಲ್ಲರೂ ಫೋನ್‌ಪೇ ಮಾಡಿಬಿಡೋಣ, ಹೋಟೆಲಿನಿಂದ ಇಡ್ಲಿ ತರಿಸೋಣ ಅಂತ ಅಂಕಲ್. ಲೆಕ್ಕಕ್ಕೆ ನೋಡಿದರೆ ಅವರ ಮಾತೇ ಸರಿ, ಜನಕ್ಕೆ ಜಾಸ್ತಿ ಊಟವೂ ಸಿಗುತ್ತದೆ. ಅಕ್ಕ ಒಪ್ಪುತ್ತಿಲ್ಲ. ನಾನೂ ಅಕ್ಕನ ಕಡೆ. ಫೋನ್‌ಪೇ ಮಾಡುವುದಕ್ಕೆ ಹೊಟ್ಟೆ ಹಸಿದಿರಬೇಕಿಲ್ಲ. ಶುಕ್ರವಾರ ಸಂಜೆ ಸ್ಕೂಲಿನಿಂದ ಬಂದು, ಬೆಳಗಿನಿಂದ ಏನೂ ತಿನ್ನದ ಹೊತ್ತಿನಲ್ಲಿ ಪಾವಿನಲ್ಲಿ ಅಕ್ಕಿ ಅಳೆದು, ಅದರಿಂದ ಒಂದು ಹಿಡಿ ವಾಪಸ್ ತೆಗೆಯುವಾಗ ಕೈ ತಾನಾಗಿಯೇ ಸ್ವಲ್ಪ ಚಿಕ್ಕದಾಗುತ್ತದೆ. ಇದನ್ನು ನಾನು ಕೂಟದಲ್ಲಿ ಹೇಳಿದಾಗ ಚೇಚಿ ನಕ್ಕು, ‘ನಂದೂ’ ಅಂದರು. ಅಂಕಲ್ ಅಡುಗೆಮನೆಗೆ ಹೋಗುವವರಲ್ಲ, ಅವರಿಗೆ ಇದು ತಲೆಗೆ ಹೋಗಲಿಲ್ಲ. ಮುಂದಿನ ಸಲ ನೀವೇ ಅಕ್ಕಿ ಅಳೆಯಿರಿ ಅಂತ ಅವರಿಗೆ ಹೇಳಿದ್ದೇವೆ. ಆಂಟಿ ಬಿಡುತ್ತಾರೋ ಇಲ್ಲವೋ ಗೊತ್ತಿಲ್ಲ.